ಸ್ಟೋವ್ ಉರಿದರೂ ರೇಡಿಯೇಟರ್ ತಣ್ಣಗೇ? ಐರ್ಲೆಂಡಿನ ಹಳ್ಳಿಮನೆಗಳ ಬ್ಯಾಕ್ ಬಾಯ್ಲರ್ ವ್ಯವಸ್ಥೆಯಲ್ಲಿ ದೋಷ ಹುಡುಕುವ ಕ್ರಮ

ಗ್ಯಾಸಿನ ಕೊಳವೆ ತಲುಪದ ಐರ್ಲೆಂಡಿನ ಹಳ್ಳಿಗಳಲ್ಲಿ, ಹಜಾರದಲ್ಲೋ ಅಡುಗೆಮನೆಯಲ್ಲೋ ಇರುವ ಒಂದೇ ಒಂದು ಕಬ್ಬಿಣದ ಸ್ಟೋವ್ ಇಡೀ ಮನೆಯ ರೇಡಿಯೇಟರ್‌ಗಳನ್ನೂ (ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕಗಳನ್ನೂ) ಸ್ನಾನದ ನೀರನ್ನೂ ಬಿಸಿ ಮಾಡುವ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ. ಆಸ್ಪತ್ರೆ ಅಥವಾ ಕಂಪನಿಯ ಕೆಲಸಕ್ಕೆಂದು ಹೋಗಿ ಅಂಥ ಮನೆಯನ್ನು ಬಾಡಿಗೆಗೆ ಹಿಡಿದ ಕನ್ನಡ ಕುಟುಂಬಗಳಿಗೆ ಮೊದಲ ಚಳಿಗಾಲದಲ್ಲಿ ಎದುರಾಗುವ ತೊಂದರೆ ಸಾಮಾನ್ಯವಾಗಿ ಒಂದೇ ಬಗೆಯದು: ಸ್ಟೋವಿನ ಮುಂದೆ ಕುಳಿತರೆ ಬೆವರು ಬರುತ್ತದೆ, ಮಲಗುವ ಕೋಣೆಯ ರೇಡಿಯೇಟರ್ ಮುಟ್ಟಿದರೆ ಕೈ ತಣ್ಣಗಾಗುತ್ತದೆ. ಇದರ ಕಾರಣವನ್ನು ಮನೆಯವರೇ ಬಹುಮಟ್ಟಿಗೆ ಪತ್ತೆ ಮಾಡಬಹುದು. ದುರಸ್ತಿಯಲ್ಲಿ ಕೆಲವು ಭಾಗಗಳನ್ನು ಮಾತ್ರ ಮನೆಯವರು ಮಾಡಬೇಕು, ಉಳಿದದ್ದನ್ನು ತಿಳಿದವರಿಗೆ ಬಿಡಬೇಕು. ಯಾವುದು ಯಾವ ಪಾಲಿಗೆ ಸೇರಿದ್ದೆಂಬುದನ್ನೂ ಇಲ್ಲಿ ಹೇಳಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗ್ಯಾಸ್ ಅಥವಾ ಎಣ್ಣೆಯ ಬಾಯ್ಲರ್ ಸ್ವಿಚ್ ಒತ್ತಿದರೆ ಆರುತ್ತದೆ. ಸೌದೆ ಅಥವಾ ಕಲ್ಲಿದ್ದಲಿನ ಬೆಂಕಿ ಹಾಗೆ ಆರುವುದಿಲ್ಲ. ಗಾಳಿಯನ್ನು ಪೂರ್ತಿ ಮುಚ್ಚಿದ ಮೇಲೂ ಕೆಂಡ ಬಹಳ ಹೊತ್ತು ನೀರಿಗೆ ಶಾಖ ಕೊಡುತ್ತಲೇ ಇರುತ್ತದೆ. ಆದ್ದರಿಂದ ಈ ಶಾಖ ಹೊರಗೆ ಹೋಗುವ ದಾರಿ ಸದಾ ತೆರೆದಿರಲೇಬೇಕು, ದೋಷ ಹುಡುಕುವ ಭರದಲ್ಲಿ ನಾವು ಮಾಡುವ ಯಾವ ಕೆಲಸವೂ ಆ ದಾರಿಯನ್ನು ಮುಚ್ಚುವಂತಿರಬಾರದು.

ನೀರು ಹರಿಯುವ ದಾರಿ

ಸ್ಟೋವಿನ ಒಳಗೆ, ಬೆಂಕಿಯ ಹಿಂಭಾಗದಲ್ಲಿ ಅಥವಾ ಮೂರು ಬದಿಗಳಲ್ಲಿ, ನೀರು ತುಂಬಿದ ಉಕ್ಕಿನ ಪೆಟ್ಟಿಗೆಯೊಂದಿರುತ್ತದೆ. ಇದೇ ಬ್ಯಾಕ್ ಬಾಯ್ಲರ್. ಇದರಿಂದ ಎರಡು ಸುತ್ತುಗಳು ಹೊರಡುತ್ತವೆ. ಮೊದಲನೆಯದರಲ್ಲಿ ಪಂಪ್ ಇರುವುದಿಲ್ಲ: ಕಾದ ನೀರು ಹಗುರಾಗಿ, ಸುಮಾರು 28 ಮಿಲಿಮೀಟರ್ ದಪ್ಪದ ತಾಮ್ರದ ಪೈಪಿನಲ್ಲಿ ತಾನಾಗಿಯೇ ಮೇಲೇರಿ, ಐರ್ಲೆಂಡಿನವರು ಹಾಟ್ ಪ್ರೆಸ್ ಎಂದು ಕರೆಯುವ ಕಪಾಟಿನಲ್ಲಿರುವ, ಬಳಕೆಯ ಬಿಸಿನೀರು ತುಂಬಿಡುವ ಸಿಲಿಂಡರಿನ ಸುರುಳಿಯೊಳಗೆ ಹಾದು, ಅಲ್ಲಿ ಶಾಖ ಬಿಟ್ಟುಕೊಟ್ಟು, ಭಾರವಾಗಿ ಮತ್ತೆ ಕೆಳಗಿಳಿಯುತ್ತದೆ. ಇದೇ ಸುತ್ತಿಗೆ ಒಂದು ರೇಡಿಯೇಟರನ್ನೂ ಜೋಡಿಸಿರುತ್ತಾರೆ. ಅನೇಕ ಮನೆಗಳಲ್ಲಿ ಬಚ್ಚಲುಮನೆಯ ಟವೆಲ್ ಕಂಬಿಯೇ ಆ ಪಾತ್ರ ವಹಿಸುತ್ತದೆ. ಅದಕ್ಕೆ ಹೀಟ್ ಲೀಕ್ ರೇಡಿಯೇಟರ್ ಎನ್ನುತ್ತಾರೆ, ಅದಕ್ಕೆ ಮುಚ್ಚಬಹುದಾದ ಯಾವ ವಾಲ್ವೂ ಇರಕೂಡದು. ಎರಡನೆಯ ಸುತ್ತು ಪಂಪಿನದು. ಸ್ಟೋವಿನಿಂದ ಹೊರಡುವ ಪೈಪಿಗೆ ಕಟ್ಟಿದ ಒಂದು ಚಿಕ್ಕ ಥರ್ಮೋಸ್ಟಾಟ್, ಪೈಪು ಸಾಕಷ್ಟು ಬಿಸಿಯಾದ ಮೇಲೆ ಪಂಪನ್ನು ಚಾಲೂ ಮಾಡುತ್ತದೆ. ಪಂಪು ಉಳಿದ ಎಲ್ಲ ರೇಡಿಯೇಟರ್‌ಗಳಿಗೆ ನೀರು ತಳ್ಳುತ್ತದೆ.

ಇಡೀ ವ್ಯವಸ್ಥೆಯ ತುದಿಯಲ್ಲಿ, ಅಟ್ಟದ ಮೇಲೆ ಒಂದು ಚಿಕ್ಕ ತೆರೆದ ಟ್ಯಾಂಕ್ ಇರುತ್ತದೆ. ಅದರ ತಳದಿಂದ ಒಂದು ಪೈಪು ಕೆಳಗಿಳಿದು ಕಡಿಮೆಯಾದ ನೀರನ್ನು ತುಂಬಿಸುತ್ತದೆ. ಬಾಯ್ಲರಿನಿಂದ ನೇರವಾಗಿ ಮೇಲೆ ಬಂದ ಇನ್ನೊಂದು ಪೈಪು, ಕೊಕ್ಕೆಯಂತೆ ಬಾಗಿ, ಟ್ಯಾಂಕಿನ ಬಾಯಿಯ ಮೇಲೆ ತೆರೆದುಕೊಂಡಿರುತ್ತದೆ. ಇದೇ ವೆಂಟ್ ಪೈಪು. ನೀರು ಕುದಿದರೆ ಹಬೆ ಹೋಗಬೇಕಾದದ್ದು ಇದರಲ್ಲೇ. ಇನ್ನೂರು ಲೀಟರ್ ನೀರಿರುವ ವ್ಯವಸ್ಥೆ 10 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ನೀರು ಸುಮಾರು 6 ಲೀಟರಿನಷ್ಟು ಹಿಗ್ಗುತ್ತದೆ. ಆ ಹೆಚ್ಚುವರಿ ನೀರು ಈ ಟ್ಯಾಂಕಿನಲ್ಲೇ ನಿಲ್ಲಬೇಕು. ಅದಕ್ಕಾಗಿಯೇ ಟ್ಯಾಂಕು ತಣ್ಣಗಿರುವಾಗ ತಳದಿಂದ ಒಂದು ಗೇಣಿಗಿಂತ ಕಡಿಮೆ, ಅಂದಾಜು 10 ಸೆಂಟಿಮೀಟರ್ ನೀರು ಇದ್ದರೆ ಸಾಕು. ನೀರು ಕಡಿಮೆ ಇದೆಯೆಂದು ತಪ್ಪಾಗಿ ಭಾವಿಸಿ ಬಾಲ್ ವಾಲ್ವನ್ನು (ನೀರಿನ ಮಟ್ಟಕ್ಕೆ ತಕ್ಕಂತೆ ತೆರೆದು ಮುಚ್ಚುವ ತೇಲುಚೆಂಡಿನ ವಾಲ್ವನ್ನು) ಮೇಲೆತ್ತಿ ಟ್ಯಾಂಕ್ ತುಂಬಿಸಬಾರದು.

ಬೆಂಕಿ ಹಚ್ಚಲೇಬಾರದ ಸಂದರ್ಭಗಳು

ಅಟ್ಟದ ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ ಸ್ಟೋವ್ ಹಚ್ಚಬಾರದು. ಟ್ಯಾಂಕಿನ ನೀರು ಅಥವಾ ಅಟ್ಟದ ಪೈಪುಗಳು ಹೆಪ್ಪುಗಟ್ಟಿವೆ ಎಂಬ ಅನುಮಾನವಿದ್ದರೂ ಹಚ್ಚಬಾರದು. ಐರ್ಲೆಂಡಿನ ಚಳಿ ಸಾಮಾನ್ಯವಾಗಿ ಸೌಮ್ಯವಾದದ್ದೇ ಆದರೂ, 2010ರ ಡಿಸೆಂಬರ್ 25ರಂದು ಮೇಯೋ ಕೌಂಟಿಯ ಸ್ಟ್ರೇಡಿನಲ್ಲಿ ಮೈನಸ್ 17.5 ಡಿಗ್ರಿ ದಾಖಲಾಗಿತ್ತು. ಅಂಥ ವಾರಗಳಲ್ಲಿ ಹಬ್ಬಕ್ಕೆ ಊರಿಗೆ ಹೋಗಿ ಮನೆ ಖಾಲಿ ಬಿಟ್ಟವರ ಅಟ್ಟದಲ್ಲಿ ನೀರು ಹೆಪ್ಪುಗಟ್ಟುವುದು ಸಹಜ. ವೆಂಟ್ ಪೈಪೂ ತುಂಬುವ ಪೈಪೂ ಎರಡೂ ಮಂಜುಗಡ್ಡೆಯಿಂದ ಮುಚ್ಚಿಕೊಂಡಿರುವಾಗ ಕೆಳಗೆ ಬೆಂಕಿ ಹಚ್ಚಿದರೆ, ಬಾಯ್ಲರ್ ದಾರಿಯಿಲ್ಲದ ಮುಚ್ಚಿದ ಪಾತ್ರೆಯಾಗಿ ಸಿಡಿಯುತ್ತದೆ. ಇದು ಜೀವ ತೆಗೆಯುವ ಸ್ಫೋಟ. ಅನುಮಾನ ಬಂದಾಗ ವಿದ್ಯುತ್ ಹೀಟರಿನಿಂದ ಮನೆಯನ್ನೂ ಅಟ್ಟವನ್ನೂ ನಿಧಾನವಾಗಿ ಬೆಚ್ಚಗೆ ಮಾಡಿ, ಟ್ಯಾಂಕಿನ ನೀರು ಕರಗಿದ್ದನ್ನೂ ಪೈಪಿನಲ್ಲಿ ನೀರು ಹರಿಯುವುದನ್ನೂ ಖಚಿತ ಮಾಡಿಕೊಂಡ ಮೇಲಷ್ಟೇ ಕಡ್ಡಿ ಗೀರಬೇಕು. ಹಳೆಯ ಬಾಯ್ಲರನ್ನು ಬಳಕೆಯಿಂದ ಬಿಟ್ಟು, ಅದರ ಪೈಪುಗಳ ಬಾಯಿ ಮುಚ್ಚಿ, ಆ ಒಲೆಯಲ್ಲೇ ಬೆಂಕಿ ಹಾಕುವುದೂ ಇಷ್ಟೇ ಅಪಾಯದ್ದು. ಬಾಡಿಗೆಗೆ ಬಂದ ಮನೆಯ ಒಲೆಯ ಹಿಂದೆ ಎತ್ತಲೂ ಹೋಗದ ಪೈಪಿನ ತುಂಡು ಕಂಡರೆ, ವಿಚಾರಿಸದೆ ಬೆಂಕಿ ಹಾಕಬೇಡಿ.

ಇನ್ನೊಂದು ಅಪಾಯ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ಟೋವಿರುವ ಕೋಣೆಯಲ್ಲಿ ಇಎನ್ 50291 ಎಂಬ ಯುರೋಪಿನ ಮಾನದಂಡದ ಗುರುತಿರುವ ಅಲಾರಂ ಕೆಲಸ ಮಾಡುತ್ತಿರಬೇಕು. ಅದರ ಮೇಲೆ ಮುದ್ರಿಸಿರುವ ಮುಕ್ತಾಯದ ದಿನಾಂಕ ದಾಟಿದ್ದರೆ ಬದಲಿಸಬೇಕು. ಆ ಕೋಣೆಯ ಗೋಡೆಯಲ್ಲಿ ಹೊರಗಿನ ಗಾಳಿ ಬರಲು ಬಿಟ್ಟ ಜಾಲರಿ ಇರುತ್ತದೆ. ಅಲ್ಲಿಂದ ಥಂಡಿ ಗಾಳಿ ಬರುತ್ತದೆಂದು ಬಟ್ಟೆ ತುರುಕುವುದು, ಟೇಪ್ ಅಂಟಿಸುವುದು ನಮ್ಮವರಲ್ಲಿಯೂ ಅಲ್ಲಿನವರಲ್ಲಿಯೂ ಕಾಣುವ ಅಭ್ಯಾಸ. ಬೆಂಕಿಗೆ ಬೇಕಾದ ಗಾಳಿ ಬರುವುದೇ ಆ ಜಾಲರಿಯಿಂದ; ಅದನ್ನು ಮುಚ್ಚಿದರೆ ಹೊಗೆ ಚಿಮಣಿಯಲ್ಲಿ ಏರುವ ಬದಲು ಕೋಣೆಗೆ ಮರಳುತ್ತದೆ. ಅಡುಗೆಮನೆ ಮತ್ತು ಹಜಾರ ಒಂದೇ ಆಗಿರುವ ಮನೆಗಳಲ್ಲಿ ಇನ್ನೊಂದು ಪರೀಕ್ಷೆ ಅಗತ್ಯ. ಒಗ್ಗರಣೆಯ ಘಾಟು ಹೋಗಲೆಂದು ನಾವು ಎಕ್ಸಾಸ್ಟ್ ಫ್ಯಾನನ್ನು ಜೋರಾಗಿ ಹಾಕುತ್ತೇವೆ, ಆ ಫ್ಯಾನು ಚಿಮಣಿಯ ಹೊಗೆಯನ್ನೇ ಕೆಳಕ್ಕೆ ಸೆಳೆಯಬಲ್ಲದು. ಸ್ಟೋವ್ ಉರಿಯುತ್ತಿರುವಾಗ ಬಾಗಿಲು ಕಿಟಕಿ ಮುಚ್ಚಿ, ಫ್ಯಾನನ್ನು ಪೂರ್ಣ ವೇಗದಲ್ಲಿಟ್ಟು, ಸ್ಟೋವಿನ ಬಾಗಿಲನ್ನು ಸ್ವಲ್ಪವೇ ತೆರೆದು, ಹತ್ತಿರದಲ್ಲಿ ಊದಿನಕಡ್ಡಿ ಹಿಡಿದು ನೋಡಿ. ಅದರ ಹೊಗೆ ಸ್ಟೋವಿನ ಒಳಗೆ ಹೋಗಬೇಕು. ನಿಮ್ಮತ್ತ ತಿರುಗಿದರೆ ಫ್ಯಾನ್ ಮತ್ತು ಸ್ಟೋವ್ ಎರಡನ್ನೂ ಒಟ್ಟಿಗೆ ಬಳಸಬಾರದು. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ಓಕರಿಕೆ ಬಂದರೆ, ಅಲಾರಂ ಕೂಗದಿದ್ದರೂ, ಹೊರಗೆ ಬಂದು 112 ಅಥವಾ 999ಕ್ಕೆ ಕರೆ ಮಾಡಬೇಕು.

ಪೈಪು ಮುಟ್ಟಿ ತಿಳಿಯುವುದು

ಇವೆಲ್ಲ ಸರಿಯಿದ್ದರೆ ಹುಡುಕಾಟಕ್ಕೆ ತೊಡಗಬಹುದು. ಒಳ್ಳೆಯ ಬೆಂಕಿ ಹಾಕಿ ಒಂದು ಗಂಟೆ ಬಿಡಿ. ನಂತರ ಸ್ಟೋವಿನಿಂದ ಹೊರಡುವ ಪೈಪು ಮತ್ತು ಅದಕ್ಕೆ ಮರಳುವ ಪೈಪು, ಇವೆರಡರ ಬಿಸಿಯನ್ನು ಹೋಲಿಸಿ. ಪೈಪು 80 ಡಿಗ್ರಿಗೂ ಮೀರಿರಬಹುದಾದ್ದರಿಂದ ಅಂಗೈಯಿಂದ ಹಿಡಿಯಬಾರದು. ಬೆರಳ ಹಿಂಬದಿಯಿಂದ ಕ್ಷಣಮಾತ್ರ ತಾಗಿಸಬಹುದು. ಪೈಪಿಗೆ ಸಿಕ್ಕಿಸುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹಣೆಯ ಜ್ವರ ನೋಡುವಂಥ, ದೂರದಿಂದ ಅಳೆಯುವ ಇನ್‌ಫ್ರಾರೆಡ್ ಮಾಪಕ ಹೊಳೆಯುವ ತಾಮ್ರದ ಮೇಲೆ ನಿಜಕ್ಕಿಂತ ಬಹಳ ಕಡಿಮೆ ಅಂಕಿ ತೋರಿಸುತ್ತದೆ. ಪೈಪಿನ ಮೇಲೆ ಎರಡು ಸುತ್ತು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಆ ಟೇಪಿನ ಮೇಲೆ ಅಳೆದರೆ ಸರಿಯಾದ ಅಂಕಿ ಬರುತ್ತದೆ.

ಎರಡೂ ಪೈಪು ಉಗುರುಬೆಚ್ಚಗಷ್ಟೇ ಇದ್ದರೆ ಬೆಂಕಿಯಲ್ಲೇ ಶಾಖ ಸಾಲದು. ಆಗ ರೇಡಿಯೇಟರ್‌ಗಳನ್ನು ತಡಕಾಡಿ ಪ್ರಯೋಜನವಿಲ್ಲ. ಎರಡೂ ಸುಡುವಷ್ಟು ಬಿಸಿಯಿದ್ದು ರೇಡಿಯೇಟರ್ ತಣ್ಣಗಿದ್ದರೆ ಪಂಪಿನ ಸುತ್ತಿನಲ್ಲಿ ನೀರು ಓಡುತ್ತಿಲ್ಲ. ಹೊರಡುವ ಪೈಪು ತುಂಬ ಬಿಸಿ, ಮರಳುವ ಪೈಪು ಗಂಟೆಗಟ್ಟಲೆ ತಣ್ಣಗೆ ಎಂದಾದರೆ ನೀರು ತೀರ ನಿಧಾನವಾಗಿ ಹರಿಯುತ್ತಿದೆ, ಎಲ್ಲೋ ಕಟ್ಟಿಕೊಂಡಿದೆ. ವ್ಯವಸ್ಥೆ ಆರೋಗ್ಯವಾಗಿದ್ದಾಗ ಎರಡಕ್ಕೂ 10ರಿಂದ 20 ಡಿಗ್ರಿಯ ಅಂತರವಿರುತ್ತದೆ.

ಬೆಂಕಿಯಲ್ಲೇ ಕೊರತೆಯಿದ್ದರೆ

ನನ್ನ ಅಭಿಪ್ರಾಯದಲ್ಲಿ ಬಹುಪಾಲು ದೂರುಗಳ ಮೂಲ ಇಲ್ಲಿಯೇ ಇದೆ, ಆದರೆ ಜನ ಕೊನೆಗೆ ನೋಡುವುದೂ ಇದನ್ನೇ. ಲೆಕ್ಕ ಹಾಕಿ ನೋಡೋಣ. ನೀರಿಗೆ 12 ಕಿಲೋವ್ಯಾಟ್, ಕೋಣೆಗೆ 4 ಕಿಲೋವ್ಯಾಟ್ ಶಾಖ ಕೊಡುವ ಸ್ಟೋವ್ ಎಂದುಕೊಳ್ಳಿ. ಚೆನ್ನಾಗಿ ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 4 ಕಿಲೋವ್ಯಾಟ್ ಗಂಟೆಯಷ್ಟು ಶಾಖವಿರುತ್ತದೆ. ಸ್ಟೋವಿನ ದಕ್ಷತೆ ಶೇ. 70 ಎಂದರೆ ನಮಗೆ ದಕ್ಕುವುದು 2.8. ಹಾಗಾದರೆ 16 ಕಿಲೋವ್ಯಾಟ್ ಪಡೆಯಲು ಗಂಟೆಗೆ 5.7 ಕಿಲೋ ಒಣ ಸೌದೆ ಉರಿಯಬೇಕು. ಸಂಜೆಗೆ ನಾಲ್ಕು ತುಂಡು ಹಾಕಿ ಹತ್ತು ರೇಡಿಯೇಟರ್ ಬಿಸಿಯಾಗಲೆಂದು ನಿರೀಕ್ಷಿಸಿದರೆ ಅದು ಆಗುವ ಕೆಲಸವಲ್ಲ. ಒಂದು ಸಾಧಾರಣ ರೇಡಿಯೇಟರಿಗೆ ಒಂದರಿಂದ ಒಂದೂವರೆ ಕಿಲೋವ್ಯಾಟ್ ಬೇಕು. ನಿಮ್ಮ ಮನೆಯಲ್ಲಿರುವ ರೇಡಿಯೇಟರ್‌ಗಳನ್ನು ಎಣಿಸಿ, ಸ್ಟೋವಿನ ಕೈಪಿಡಿಯಲ್ಲಿ ನೀರಿಗೆ ಎಂದು ಬರೆದಿರುವ ಅಂಕಿಯ ಜತೆ ಹೋಲಿಸಿದರೆ, ಅದು ದೋಷವೋ ಅಥವಾ ಸ್ಟೋವಿನ ಮಿತಿಯೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮಿತಿಯೇ ಆಗಿದ್ದರೆ ಬಳಸದ ಕೋಣೆಗಳ ರೇಡಿಯೇಟರ್‌ಗಳನ್ನು ಕಡಿಮೆ ಮಾಡಿ, ಇರುವ ಶಾಖವನ್ನು ಬೇಕಾದ ಕಡೆಗೆ ಕಳಿಸುವುದೇ ಪರಿಹಾರ. ಹೀಟ್ ಲೀಕ್ ರೇಡಿಯೇಟರನ್ನು ಮಾತ್ರ ಮುಟ್ಟಬಾರದು.

ಹಸಿ ಸೌದೆಯಾದರೆ ಈ ಲೆಕ್ಕವೇ ತಲೆಕೆಳಗಾಗುತ್ತದೆ. ತೂಕದ ಅರ್ಧದಷ್ಟು ನೀರಿರುವ ಸೌದೆಯಿಂದ ಕಿಲೋಗೆ ಸುಮಾರು 2 ಕಿಲೋವ್ಯಾಟ್ ಗಂಟೆ ಮಾತ್ರ ಸಿಗುತ್ತದೆ. ತೂಕದಲ್ಲಿ ಅರ್ಧ ಉರಿಯುವ ಮರವೇ ಅಲ್ಲ, ಸಿಗುವ ಶಾಖದಲ್ಲೂ ಒಂದು ಪಾಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಜತೆಗೆ ಚಿಮಣಿಯಲ್ಲಿ ಡಾಂಬರಿನಂಥ ಜಿಗುಟು ಕಟ್ಟಿ ಚಿಮಣಿಗೇ ಬೆಂಕಿ ಹತ್ತುವ ಅಪಾಯ ಹುಟ್ಟುತ್ತದೆ. ಐರ್ಲೆಂಡಿನಲ್ಲಿ 2022ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ನಿಯಮಗಳು ಹೊಗೆಯುಗುಳುವ ಕಲ್ಲಿದ್ದಲಿನ ಮಾರಾಟವನ್ನು ದೇಶದಾದ್ಯಂತ ನಿಲ್ಲಿಸಿದವು. ಚಿಲ್ಲರೆಯಾಗಿ ಮಾರುವ ಸೌದೆಯ ತೇವಾಂಶ ಶೇ. 25ನ್ನು ಮೀರಬಾರದೆಂದು ವಿಧಿಸಿ, ಅದನ್ನು ಮುಂದೆ ಶೇ. 20ಕ್ಕೆ ಇಳಿಸುವ ಗಡುವನ್ನೂ ಕೊಟ್ಟವು. ಚೀಲದ ಮೇಲಿನ ಬರಹವನ್ನು ನಂಬುವುದರ ಜತೆಗೆ ಒಂದು ತೇವಾಂಶ ಮಾಪಕವನ್ನೂ ಇಟ್ಟುಕೊಳ್ಳುವುದು ಲೇಸು. ಮಾಪಕದ ಮುಳ್ಳುಗಳನ್ನು ತುಂಡಿನ ಹೊರಮೈಗೆ ಚುಚ್ಚಿದರೆ ಒಣಗಿದ ಅಂಕಿಯೇ ಬರುತ್ತದೆ. ಕೊಡಲಿಯಿಂದ ಸೀಳಿ, ಆಗಷ್ಟೇ ತೆರೆದ ಒಳಮೈಯಲ್ಲಿ ಅಳೆಯಬೇಕು.

ಗಾಳಿಯ ಬಾಗಿಲುಗಳ ಬಳಕೆಯೂ ಇಂಧನಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಸೌದೆ ಬೂದಿಯ ಹಾಸಿನ ಮೇಲೆ, ಮೇಲಿನಿಂದ ಬರುವ ಗಾಳಿಯಲ್ಲಿ ಚೆನ್ನಾಗಿ ಉರಿಯುತ್ತದೆ. ಹೊಗೆರಹಿತ ಕಲ್ಲಿದ್ದಲಿನ ಉಂಡೆಗಳಿಗೆ ಜಾಲರಿಯ ಕೆಳಗಿನಿಂದ ಗಾಳಿ ಬೇಕು, ಆದ್ದರಿಂದ ಬೂದಿ ಕೆದಕಿ ಜಾಲರಿಯನ್ನು ತೆರವಾಗಿಡಬೇಕು. ಬೂದಿತಟ್ಟೆ ತುಂಬಿ ಬೂದಿ ಜಾಲರಿಗೆ ತಾಗುವಂತಾದರೆ ಗಾಳಿಯ ತಂಪು ಸಿಗದೆ ಜಾಲರಿಯೇ ಕಾದು ಬಾಗುತ್ತದೆ. ರಾತ್ರಿಯಿಡೀ ಉಳಿಯಲೆಂದು ಸೌದೆ ತುಂಬಿ ಗಾಳಿಯನ್ನು ಪೂರ್ತಿ ಮುಚ್ಚುವ ಪದ್ಧತಿ ಒಳ್ಳೆಯದಲ್ಲ; ಬೆಳಗಿನ ಹೊತ್ತಿಗೆ ಸಿಗುವುದು ಕಪ್ಪು ಗಾಜು ಮತ್ತು ಜಿಗುಟು ಹಿಡಿದ ಬಾಯ್ಲರ್.

ಆ ಜಿಗುಟನ್ನು ಹತ್ತಿರದಿಂದ ನೋಡುವುದು ಅಗತ್ಯ. ಸ್ಟೋವ್ ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಒಳಗೆ ನೋಡಿದರೆ, ಬಾಯ್ಲರಿನ ಮೈ ಮೇಲೆ ಕರಿಯ ಪದರ ಕಾಣುತ್ತದೆ. ಪುಡಿಪುಡಿಯಾಗಿ ಉದುರುವುದಾದರೆ ಮಸಿ. ಹೊಳೆಯುವ, ಉಗುರಿನಿಂದ ಕೀಳಲಾಗದ ಪದರವಾದರೆ ಡಾಂಬರು. ತಳ ಕರಿಹಿಡಿದ ಬಚ್ಚಲ ಹಂಡೆ ಹೇಗೆ ತಡವಾಗಿ ಕಾಯುತ್ತದೋ, ಇದೂ ಹಾಗೆಯೇ ನೀರಿಗೆ ಹೋಗಬೇಕಾದ ಶಾಖವನ್ನು ತಡೆದು ಚಿಮಣಿಗೆ ಕಳಿಸುತ್ತದೆ. ವಾರಕ್ಕೊಮ್ಮೆ ಕೆರೆಯುವ ತಗಡು ಮತ್ತು ಬಿರುಸು ಬ್ರಷ್ಷಿನಿಂದ ಇದನ್ನು ತೆಗೆಯಬೇಕು. ಮೇಲ್ಭಾಗದಲ್ಲಿ ಹೊಗೆಯನ್ನು ತಡೆದು ತಿರುಗಿಸುವ ತಗಡೊಂದಿರುತ್ತದೆ. ಅದರ ಮೇಲೆ ಬೂದಿ ಮಸಿ ಗುಡ್ಡೆಯಾಗಿ ಕೂತರೆ ಹೊಗೆಯ ದಾರಿ ಕಟ್ಟುತ್ತದೆ, ಆದ್ದರಿಂದ ತಿಂಗಳಿಗೊಮ್ಮೆಯಾದರೂ ಕೆಳಗಿಳಿಸಿ ಗುಡಿಸಿ ಮತ್ತೆ ಸರಿಯಾಗಿ ಕೂರಿಸಬೇಕು. ಚಿಮಣಿಯನ್ನು ವರ್ಷಕ್ಕೊಮ್ಮೆ ತಪ್ಪದೆ, ಸೌದೆ ಅಥವಾ ಟರ್ಫ್ (ಜೌಗು ನೆಲದಿಂದ ಅಗೆದು ಒಣಗಿಸಿದ ಇಂಧನ) ಹೆಚ್ಚಾಗಿ ಉರಿಸುವವರು ಎರಡು ಸಲ, ವೃತ್ತಿಯವರಿಂದ ಗುಡಿಸಬೇಕು. ಗಾಳಿ ನುಸುಳದಂತೆ ಸ್ಟೋವಿನ ಬಾಗಿಲಿನ ಅಂಚಿಗೆ ಕೂರಿಸಿದ ಹಗ್ಗ ಸಡಿಲವಾಗಿದೆಯೇ ಎಂದು ತಿಳಿಯಲು, ಸ್ಟೋವ್ ತಣ್ಣಗಿರುವಾಗ ಕಾಗದದ ಪಟ್ಟಿಯೊಂದನ್ನು ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಹಗ್ಗ ಬದಲಿಸುವ ಕಾಲ ಬಂದಿದೆ.

ಪಂಪು ಮತ್ತು ಅದರ ಥರ್ಮೋಸ್ಟಾಟ್

ಪೈಪು ಬಿಸಿಯಿದ್ದೂ ಪಂಪು ಓಡದಿದ್ದರೆ ಮೊದಲು ಫ್ಯೂಸ್ ಮತ್ತು ಸ್ವಿಚ್ ನೋಡಿ. ಪಂಪಿಗೆ ಕರೆಂಟು ಬರುತ್ತಿದ್ದು, ಮೈ ಬೆಚ್ಚಗಿದ್ದು, ಒಳಗೆ ಕಂಪನವಿಲ್ಲದಿದ್ದರೆ ಒಳಗಿನ ದಂಡ ಸಿಕ್ಕಿಕೊಂಡಿರಬಹುದು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೂ ಹಿಡಿಯನ್ನು ಕಿವಿಯ ಹತ್ತಿರಕ್ಕೂ ಒತ್ತಿದರೆ ತಿರುಗುವ ಸದ್ದು ಇದೆಯೋ ಇಲ್ಲವೋ ತಿಳಿಯುತ್ತದೆ. ಬೇಸಿಗೆಯಿಡೀ ನಿಂತ ಪಂಪಿನಲ್ಲಿ ಇದು ಸಾಮಾನ್ಯ. ಹಳೆಯ ಬಗೆಯ ಪಂಪುಗಳ ಮುಖದ ನಡುವೆ ದೊಡ್ಡ ಸ್ಕ್ರೂ ಇರುತ್ತದೆ. ಕರೆಂಟು ತೆಗೆದು, ನೀರು ತಣ್ಣಗಾದ ಮೇಲೆ ಅದನ್ನು ಬಿಚ್ಚಿ, ಒಳಗಿನ ದಂಡವನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ನೀರು ಜಿನುಗುವುದರಿಂದ ಬಟ್ಟೆ ಇಟ್ಟುಕೊಂಡಿರಿ. ವೈರಿಂಗಿಗೆ ಕೈಹಾಕುವ ಕೆಲಸವನ್ನು ಸೇಫ್ ಎಲೆಕ್ಟ್ರಿಕ್‌ನಲ್ಲಿ ನೋಂದಾಯಿತರಾದ ಎಲೆಕ್ಟ್ರಿಷಿಯನ್ನರಿಗೇ ಬಿಡಬೇಕು.

ಪೈಪಿಗೆ ಕಟ್ಟಿದ ಥರ್ಮೋಸ್ಟಾಟನ್ನು ಸಾಮಾನ್ಯವಾಗಿ 55ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಬೇಗ ಬೆಚ್ಚಗಾಗಲೆಂದು ಇದನ್ನು 35ಕ್ಕೋ 40ಕ್ಕೋ ಇಳಿಸುವವರಿದ್ದಾರೆ, ಅದರಿಂದ ಆಗುವುದು ವಿರುದ್ಧವೇ. ರೇಡಿಯೇಟರ್‌ಗಳಲ್ಲಿದ್ದ ತಣ್ಣೀರು ಒಮ್ಮೆಗೇ ಬಾಯ್ಲರಿಗೆ ನುಗ್ಗಿ ಬೆಂಕಿಯ ಬದಿಯನ್ನು ತಣ್ಣಗೆ ಮಾಡುತ್ತದೆ, ಹೊಗೆಯ ಆವಿ ಆ ತಣ್ಣನೆಯ ಉಕ್ಕಿನ ಮೇಲೆ ನೀರಾಗಿ ಕೂತು ಡಾಂಬರೂ ತುಕ್ಕೂ ಕಟ್ಟುತ್ತದೆ, ಪಂಪು ಎರಡು ನಿಮಿಷಕ್ಕೊಮ್ಮೆ ಓಡಿ ನಿಲ್ಲುತ್ತದೆ. ತೀರ ಮೇಲೆ, 80ರ ಹತ್ತಿರ ಇಟ್ಟರೆ ಪಂಪು ಹೊರಡುವ ಮೊದಲೇ ಬಾಯ್ಲರಿನಲ್ಲಿ ಗುಡುಗುಡು ಸದ್ದು ಹುಟ್ಟುತ್ತದೆ. ಅಂಕಿ ಸರಿಯಿದ್ದೂ ಪಂಪು ತಡವಾಗಿ ಓಡುತ್ತಿದ್ದರೆ, ಥರ್ಮೋಸ್ಟಾಟಿನ ಪಟ್ಟಿ ಸಡಿಲಾಗಿ ಪೈಪಿಗೆ ಸರಿಯಾಗಿ ತಾಗುತ್ತಿಲ್ಲವೇ, ಅದರಡಿ ಬಣ್ಣದ ಪದರವಿದೆಯೇ ಎಂದು ನೋಡಬೇಕು. ಹೊಸದಾಗಿ ಅಳವಡಿಸುವವರಿಗೆ ನನ್ನ ಸಲಹೆ, ಮರಳುವ ನೀರನ್ನು 50 ಡಿಗ್ರಿಗಿಂತ ಕೆಳಗೆ ಬಿಡದ ಮಿಶ್ರಣ ವಾಲ್ವನ್ನು ಆಗಲೇ ಹಾಕಿಸಿಕೊಳ್ಳಿ. ಬಾಯ್ಲರಿನ ಆಯಸ್ಸು ಅದರಿಂದ ಹೆಚ್ಚುತ್ತದೆ.

ರೇಡಿಯೇಟರಿನ ಯಾವ ಭಾಗ ತಣ್ಣಗಿದೆ?

ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ನಿಂತಿದೆ. ಪಂಪು ನಿಲ್ಲಿಸಿ, ನೀರು ತಣಿದ ಮೇಲೆ, ರೇಡಿಯೇಟರಿನ ಮೇಲಿನ ಮೂಲೆಯ ಚಿಕ್ಕ ತಿರುಪನ್ನು ಕೀಲಿಯಿಂದ ಕಾಲು ಸುತ್ತು ಸಡಿಲಿಸಿ, ಸುಸ್ಸೆಂಬ ಸದ್ದು ನಿಂತು ನೀರು ಬಂದೊಡನೆ ಬಿಗಿ ಮಾಡಿ. ಕೆಳಗಿನ ಮಹಡಿಯಿಂದ ಆರಂಭಿಸುವುದು ಕ್ರಮ. ವಾರಕ್ಕೊಮ್ಮೆ ಹೀಗೆ ಗಾಳಿ ತೆಗೆಯಬೇಕಾಗಿ ಬರುತ್ತಿದ್ದರೆ ಅದು ಬೇರೊಂದು ರೋಗದ ಲಕ್ಷಣ: ಒಂದೋ ವ್ಯವಸ್ಥೆ ಎಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿದೆ, ಇಲ್ಲವೇ ಒಳಗೆ ತುಕ್ಕು ಹಿಡಿದು ಜಲಜನಕ ಹುಟ್ಟುತ್ತಿದೆ. ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಗಾಳಿ ಬಿಡುವಾಗ ಹತ್ತಿರ ಮೇಣದಬತ್ತಿ, ಸಿಗರೇಟು ಇರಬಾರದು.

ಕೆಳಭಾಗ, ಅದರಲ್ಲೂ ನಡುವಿನ ಕೆಳಭಾಗ ತಣ್ಣಗಿದ್ದರೆ ಅಲ್ಲಿ ಕರಿಯ ಕೆಸರು ಕೂತಿದೆ. ಅದು ಕಬ್ಬಿಣದ ಆಕ್ಸೈಡ್, ಅಯಸ್ಕಾಂತಕ್ಕೆ ಅಂಟುತ್ತದೆ. ರೇಡಿಯೇಟರನ್ನು ಕಳಚಿ ಅಂಗಳದಲ್ಲಿ ಮೆತುಪೈಪಿನಿಂದ ತೊಳೆಯುವುದು ಅಥವಾ ಇಡೀ ವ್ಯವಸ್ಥೆಯನ್ನು ಯಂತ್ರದಿಂದ ತೊಳೆಸಿ, ತುಕ್ಕು ತಡೆಯುವ ದ್ರವ ಬೆರೆಸುವುದು ದಾರಿ. ಅಯಸ್ಕಾಂತದ ಫಿಲ್ಟರನ್ನು ಪಂಪಿನ ಸುತ್ತಿನಲ್ಲಿ ಮಾತ್ರ ಕೂರಿಸಬೇಕು, ತಾನಾಗಿ ಹರಿಯುವ ಸುತ್ತಿನಲ್ಲಾಗಲಿ ವೆಂಟ್ ಪೈಪಿನಲ್ಲಾಗಲಿ ಕೂಡದು.

ಒಂದೇ ಒಂದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಅದರ ಥರ್ಮೋಸ್ಟಾಟಿಕ್ ವಾಲ್ವಿನ (ಕೋಣೆಯ ಬಿಸಿಗೆ ತಕ್ಕಂತೆ ನೀರನ್ನು ತಾನಾಗಿ ಹೆಚ್ಚುಕಡಿಮೆ ಮಾಡುವ ವಾಲ್ವಿನ) ತಲೆಯನ್ನು ತಿರುಗಿಸಿ ಕಳಚಿ, ಒಳಗಿನ ಚಿಕ್ಕ ಕಡ್ಡಿಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ಪುಟಿದು ಮೇಲೆ ಬರಬೇಕು. ಸಿಕ್ಕಿಕೊಂಡಿದ್ದರೆ ಮೆಲ್ಲಗೆ ತಟ್ಟಿ ಅಲುಗಿಸಬೇಕು, ಇಕ್ಕಳದಿಂದ ಎಳೆಯಬಾರದು. ಸ್ಟೋವಿನ ಹತ್ತಿರದವು ಬಿಸಿ, ದೂರದವು ತಣ್ಣಗೆ ಎಂದಾದರೆ ಹತ್ತಿರದವುಗಳ ಇನ್ನೊಂದು ತುದಿಯಲ್ಲಿರುವ, ನೀರಿನ ಹರಿವನ್ನು ಹೊಂದಿಸುವ ಲಾಕ್‌ಶೀಲ್ಡ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಪ್ರತಿ ರೇಡಿಯೇಟರಿನ ಎರಡು ತುದಿಗಳ ನಡುವೆ 10ರಿಂದ 12 ಡಿಗ್ರಿ ಅಂತರ ಬರುವವರೆಗೆ ಸರಿಹೊಂದಿಸಬೇಕು. ತಾಳ್ಮೆಯ ಕೆಲಸ; ಒಂದು ಬದಲಾವಣೆಯ ಪರಿಣಾಮ ಕಾಣಲು ಇಪ್ಪತ್ತು ನಿಮಿಷ ಬೇಕು.

ಅಟ್ಟದ ಟ್ಯಾಂಕು ಹೇಳುವ ವಿಷಯಗಳು

ಪಂಪು ಓಡುತ್ತಿರುವಾಗ ಒಮ್ಮೆ ಅಟ್ಟ ಹತ್ತಿ ಟ್ಯಾಂಕಿನ ಮುಚ್ಚಳ ಸರಿಸಿ ನೋಡಿ, ಆದರೆ ಮುಖವನ್ನು ದೂರವಿಡಿ. ವೆಂಟ್ ಪೈಪಿನ ಬಾಯಿಂದ ಬಿಸಿನೀರು ಟ್ಯಾಂಕಿಗೆ ಬೀಳುತ್ತಿದ್ದರೆ ಪಂಪಿನ ವೇಗ ಹೆಚ್ಚಾಗಿದೆ, ಅಥವಾ ಅದನ್ನು ಜೋಡಿಸಿದ ಜಾಗ ತಪ್ಪಾಗಿದೆ, ಅಥವಾ ತುಂಬುವ ಪೈಪು ಕಟ್ಟಿದೆ. ಹೀಗೆ ಸುತ್ತುವ ನೀರು ಸದಾ ಹೊಸ ಗಾಳಿಯನ್ನು ಹೀರಿಕೊಳ್ಳುವುದರಿಂದ ಇಡೀ ವ್ಯವಸ್ಥೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಮೇಲೆ ಹೇಳಿದ ಕರಿ ಕೆಸರು ಮತ್ತು ಪದೇ ಪದೇ ಸೇರುವ ಗಾಳಿ ಎರಡಕ್ಕೂ ಮೂಲ ಅನೇಕ ಸಲ ಇದೇ ಆಗಿರುತ್ತದೆ. ತುಂಬುವ ಪೈಪು ಕಟ್ಟಿದೆಯೇ ಎಂದು ತಿಳಿಯಲು ರೇಡಿಯೇಟರಿನಿಂದ ಒಂದೆರಡು ಲೀಟರ್ ನೀರು ತೆಗೆದು ನೋಡಬಹುದು. ಟ್ಯಾಂಕಿನ ಮಟ್ಟ ಇಳಿದು ಬಾಲ್ ವಾಲ್ವಿನಲ್ಲಿ ನೀರು ಬರಬೇಕು. ಮಟ್ಟ ಅಲುಗದಿದ್ದರೆ ಆ ಪೈಪು ಸುತ್ತನ್ನು ಸೇರುವ ಜಾಗದಲ್ಲಿ ಕೆಸರು ಗಟ್ಟಿಯಾಗಿದೆ. ಹೊರಗಿನಿಂದ ಅಯಸ್ಕಾಂತ ಹಿಡಿದಾಗ ತಾಮ್ರದ ಪೈಪಿಗೆ ಅದು ಅಂಟಿದರೆ ಒಳಗೆ ಏನಿದೆ ಎಂಬುದು ಖಚಿತ. ಅಲ್ಲಿ ಪೈಪಿನ ತುಂಡನ್ನೇ ಕತ್ತರಿಸಿ ಬದಲಿಸಬೇಕಾಗುವುದರಿಂದ ಇದು ಪ್ಲಂಬರನ ಕೆಲಸ, ಮತ್ತು ಅದಾಗುವವರೆಗೆ ಸ್ಟೋವ್ ಹಚ್ಚಬಾರದು.

ಟ್ಯಾಂಕು ಸದಾ ತುಂಬಿ ಹೊರಗೆ ಸುರಿಯುತ್ತಿದ್ದರೆ ಬಾಲ್ ವಾಲ್ವು ಸವೆದಿರಬಹುದು. ಅದನ್ನು ಬದಲಿಸಿದ ಮೇಲೂ ನಿಲ್ಲದಿದ್ದರೆ ಸಿಲಿಂಡರಿನೊಳಗಿನ ಸುರುಳಿಗೆ ಸೂಜಿತೂತು ಬಿದ್ದು, ಎತ್ತರದಲ್ಲಿರುವ ಮನೆಬಳಕೆಯ ಟ್ಯಾಂಕಿನ ನೀರು ಇತ್ತ ಬರುತ್ತಿರುತ್ತದೆ. ಎರಡು ಟ್ಯಾಂಕುಗಳ ನೀರಿನ ಮಟ್ಟ ಸಮವಾಗುವುದೇ ಇದರ ಕುರುಹು.

ಎಣ್ಣೆ ಬಾಯ್ಲರ್ ಜತೆಗಿದ್ದರೆ

ಅನೇಕ ಮನೆಗಳಲ್ಲಿ ಸೀಮೆಎಣ್ಣೆಯ ಬಾಯ್ಲರೂ ಇದೇ ರೇಡಿಯೇಟರ್‌ಗಳಿಗೆ ಜೋಡಿಸಿರುತ್ತದೆ. ಸ್ಟೋವ್ ಮಾತ್ರ ಉರಿಯುತ್ತಿರುವಾಗ ಹಿತ್ತಲಿನಲ್ಲಿರುವ ಆ ಬಾಯ್ಲರಿನ ಪೈಪನ್ನು ಮುಟ್ಟಿ ನೋಡಿ. ಬರ್ನರ್ ಆರಿದ್ದೂ ಅದು ಬಿಸಿಯಿದ್ದರೆ, ಸ್ಟೋವಿನ ಶಾಖ ಅದರ ಮೂಲಕ ಹೊರಗಾಳಿಗೆ ಸೋರಿಹೋಗುತ್ತಿದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವಿನಲ್ಲಿ ಕಸ ಸಿಕ್ಕಿರುವುದು ಅಥವಾ ಮೋಟಾರ್ ವಾಲ್ವು ಅರ್ಧ ತೆರೆದಿರುವುದು ಕಾರಣ.

ಸದ್ದು, ಕುದಿತ, ಕರೆಂಟು ಹೋಗುವುದು

ಬಾಯ್ಲರಿನಲ್ಲಿ ಬಡಿಯುವ, ಗುಡುಗುವ ಸದ್ದು ಬಂದರೆ ನೀರು ಒಳಗೆ ಕುದಿಯುತ್ತಿದೆ ಎಂದೇ ತಿಳಿದು, ತಡಮಾಡದೆ ಸ್ಟೋವಿನ ಎಲ್ಲ ಗಾಳಿಕಂಡಿಗಳನ್ನು ಮುಚ್ಚಿ, ಬಾಗಿಲು ತೆರೆಯದೆ, ಮನೆಯ ಎಲ್ಲ ರೇಡಿಯೇಟರ್ ವಾಲ್ವುಗಳನ್ನು ಪೂರ್ತಿ ತೆರೆದು, ಪಂಪಿಗೆ ಕೈಯಿಂದ ಹಾಕುವ ಸ್ವಿಚ್ ಇದ್ದರೆ ಹಾಕಿ, ಸ್ನಾನದ ತೊಟ್ಟಿಗೆ ಬಿಸಿನೀರಿನ ನಲ್ಲಿ ಬಿಡಬೇಕು. ಸಿಲಿಂಡರಿನ ಬಿಸಿನೀರು ಹೋಗಿ ತಣ್ಣೀರು ಬಂದಂತೆ ಅದು ಬಾಯ್ಲರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆ ನೀರು ಮೈ ಸುಡುವಷ್ಟಿರುವುದರಿಂದ ಮಕ್ಕಳನ್ನು ದೂರವಿಡಿ. ಬೆಂಕಿಗೆ ನೀರು ಸುರಿಯಬಾರದು. ಬಾಯ್ಲರಿನ ನೀರು ಬತ್ತಿಹೋಗಿದೆ ಎನಿಸಿದರೆ ಬಿಸಿಯಿರುವಾಗ ತಣ್ಣೀರು ತುಂಬಿಸಲೇಬಾರದು; ಆ ಹೊತ್ತಿಗೆ ಎಲ್ಲರೂ ಹೊರಗೆ ಬಂದು ಸಹಾಯಕ್ಕೆ ಕರೆಯುವುದೇ ಸರಿ.

ಕರೆಂಟು ಹೋದಾಗ ಪಂಪು ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. 2025ರ ಜನವರಿ 24ರಂದು ಬೀಸಿದ ಎಯೋವಿನ್ ಬಿರುಗಾಳಿಯಲ್ಲಿ ಐರ್ಲೆಂಡಿನ ಏಳು ಲಕ್ಷಕ್ಕೂ ಹೆಚ್ಚು ಮನೆ, ತೋಟ, ಅಂಗಡಿಗಳಿಗೆ ವಿದ್ಯುತ್ ಕಡಿದುಹೋಗಿತ್ತು. ಅಂಥ ದಿನಗಳಲ್ಲಿ ಸ್ಟೋವೇ ಮನೆಯ ಏಕೈಕ ಬೆಚ್ಚನೆಯ ಆಸರೆಯಾಗುತ್ತದೆ, ಹಾಗಾಗಿ ಅದು ಪಂಪಿಲ್ಲದೆ ಸುರಕ್ಷಿತವೋ ಎಂಬುದನ್ನು ಬಿರುಗಾಳಿಗೆ ಮುಂಚೆಯೇ ತಿಳಿದಿರಬೇಕು. ಬಿಡುವಿನ ದಿನ ಸಣ್ಣ ಬೆಂಕಿ ಹಾಕಿ, ಪಂಪಿನ ಸ್ವಿಚ್ ತೆಗೆದು, ಎರಡು ಗಂಟೆ ಗಮನಿಸಿ. ಸಿಲಿಂಡರ್ ಮೇಲಿನಿಂದ ಬಿಸಿಯಾಗುತ್ತ ಬರಬೇಕು, ಹೀಟ್ ಲೀಕ್ ರೇಡಿಯೇಟರ್ ತಾನಾಗಿ ಬಿಸಿಯಾಗಬೇಕು, ಸ್ಟೋವಿನಲ್ಲಿ ಸದ್ದು ಬರಬಾರದು. ಹೀಗಾದರೆ ಕರೆಂಟಿಲ್ಲದ ಹೊತ್ತಿನಲ್ಲೂ ಸಣ್ಣ ಬೆಂಕಿ ಇಟ್ಟುಕೊಳ್ಳಬಹುದು. ಆಗದಿದ್ದರೆ ಆ ಸುತ್ತಿನಲ್ಲಿ ಗಾಳಿ ನಿಂತಿದೆ, ಅಥವಾ ಪೈಪು ಎಲ್ಲೋ ಕೆಳಮುಖವಾಗಿ ಬಾಗಿದೆ, ಅಥವಾ ಬಚ್ಚಲುಮನೆ ನವೀಕರಿಸಿದವರು ಹೀಟ್ ಲೀಕ್ ರೇಡಿಯೇಟರನ್ನು ತೆಗೆದು ಅಂದದ ವಾಲ್ವಿರುವ ಹೊಸದನ್ನು ಹಾಕಿದ್ದಾರೆ. ಕೊನೆಯದನ್ನು ವಿಶೇಷವಾಗಿ ಪರಿಶೀಲಿಸಿ, ಏಕೆಂದರೆ ಅದು ಕಣ್ಣಿಗೆ ದೋಷವಾಗಿ ಕಾಣುವುದೇ ಇಲ್ಲ.

ತಜ್ಞರನ್ನು ಕರೆಯುವಾಗ

ಐರ್ಲೆಂಡಿನಲ್ಲಿ ಗ್ಯಾಸಿನ ನೋಂದಣಿ ಬೇರೆ, ಘನ ಇಂಧನದ್ದು ಬೇರೆ. ಗ್ಯಾಸಿನ ಕೆಲಸದಲ್ಲಿ ಪಳಗಿದವರಿಗೆ ಬ್ಯಾಕ್ ಬಾಯ್ಲರ್ ಪರಿಚಯವಿರುತ್ತದೆಂಬ ಖಾತರಿಯಿಲ್ಲ; ಘನ ಇಂಧನಕ್ಕೆ ಆಫ್‌ಟೆಕ್ ಎಂಬ ನೋಂದಣಿ ಸಂಸ್ಥೆಯಲ್ಲಿ ನೋಂದಾಯಿತರಾದವರನ್ನು ವಿಚಾರಿಸಿ. ಬಾಡಿಗೆ ಮನೆಯಾದರೆ ಬಿಸಿಯ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಕಾನೂನಿನ ಪ್ರಕಾರ ಮನೆಮಾಲೀಕರದು. ಫೋನಿನಲ್ಲಿ ಹೇಳುವುದರ ಜತೆಗೆ ಬರವಣಿಗೆಯಲ್ಲೂ ತಿಳಿಸಿ. ತಜ್ಞರು ಬರುವ ಮುನ್ನ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಟ್ಟರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ: ಬೆಂಕಿ ಹಾಕಿ ಒಂದು ಗಂಟೆಯ ನಂತರ ಹೊರಡುವ ಮತ್ತು ಮರಳುವ ಪೈಪುಗಳ ಬಿಸಿ, ಪಂಪು ಎಷ್ಟು ಡಿಗ್ರಿಯಲ್ಲಿ ಓಡಲಾರಂಭಿಸಿತು, ಯಾವ ರೇಡಿಯೇಟರ್ ಎಲ್ಲಿ ತಣ್ಣಗಿದೆ, ಟ್ಯಾಂಕಿನ ನೀರಿನ ಮಟ್ಟ ತಣ್ಣಗಿರುವಾಗ ಮತ್ತು ಬಿಸಿಯಾದಾಗ ಎಷ್ಟು, ಉರಿಸಿದ ಇಂಧನ ಯಾವುದು ಮತ್ತು ಎಷ್ಟು ಕಿಲೋ.